ಹಿಮನದಿ ವರ್ಷಕ್ಕೆ ಎಷ್ಟು ಕರಗಿತು ಅಂತ ಅಳೆಯುವುದು ಹೇಗೆ? ನಮ್ಮ ಕಡಲ್ಕೊರೆತಕ್ಕೂ ಅದಕ್ಕೂ ಸಂಬಂಧ ಎಷ್ಟು?

ಕಾಲೇಜು_ಭೌತಶಾಸ್ತ್ರ (ಉಡುಪಿ)

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗೆ ಗುಪ್ತೋಷ್ಣದ (ಉಷ್ಣತೆ ಏರದೆ ಗಡ್ಡೆ ನೀರಾಗಲಿಕ್ಕೆ ಬೇಕಾದ ಶಾಖ) ಪಾಠ ಮಾಡುವಾಗ ಹಿಮಾಲಯದ ಹಿಮನದಿಗಳ ಮಾತು ಬಂದೇ ಬರುತ್ತದೆ. ಅವರ ಮೂರು ಪ್ರಶ್ನೆಗಳಿಗೆ ಪಠ್ಯಪುಸ್ತಕದಲ್ಲಿ ಉತ್ತರ ಇಲ್ಲ. ಹಿಮನದಿ ವರ್ಷಕ್ಕೆ ಅರ್ಧ ಮೀಟರ್ ತೆಳುವಾಯಿತು ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದನ್ನು ಅಳೆಯುವುದು ಎಂತದರಲ್ಲಿ? ಆ ನೀರಿಗೂ ಉಳ್ಳಾಲ, ಪಡುಕೆರೆ ಕಡೆಯ ಕಡಲ್ಕೊರೆತಕ್ಕೂ ನಿಜವಾಗಿ ಎಷ್ಟು ಸಂಬಂಧ? ಕ್ಲಾಸಿನಲ್ಲಿ ಮಾಡಿ ತೋರಿಸುವಂಥದ್ದು ಏನಾದರೂ ಉಂಟಾ? ಇನ್ನೊಂದು: 2035ಕ್ಕೆ ಹಿಮಾಲಯದ ಹಿಮನದಿಗಳೆಲ್ಲ ಮಾಯವಾಗುತ್ತವೆ ಅಂತ ಬರೆದ ಹಳೆಯ ಚಾರ್ಟ್ ಒಂದು ಗೋಡೆಯಲ್ಲಿ ಉಂಟು. ಅದನ್ನು ಹಾಗೇ ಬಿಡಬಹುದಾ?

ಬಿದಿರುಗೂಟ

ಮೊದಲು ಆ ಚಾರ್ಟ್ ತೆಗೆಯಿರಿ ಸಾರ್. 2035 ಅನ್ನುವುದು ಐಪಿಸಿಸಿಯ (ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ) 2007ರ ವರದಿಯೊಳಗೆ ನುಸುಳಿದ ತಪ್ಪು. 2010ರ ಜನವರಿಯಲ್ಲಿ ಅವರೇ ಅದನ್ನು ಒಪ್ಪಿಕೊಂಡರು. ದೊಡ್ಡ ಹಿಮನದಿಗಳ ನಡುಭಾಗದಲ್ಲಿ ಮಂಜುಗಡ್ಡೆ ಇನ್ನೂರು ಮೀಟರಿಗಿಂತ ದಪ್ಪ ಇರುತ್ತದೆ. ವರ್ಷಕ್ಕೆ ಅರ್ಧ ಮೀಟರ್, ಒಂದು ಮೀಟರ್ ಲೆಕ್ಕದಲ್ಲಿ ಅದು ಇಪ್ಪತ್ತೈದು ಮೂವತ್ತು ವರ್ಷದಲ್ಲಿ ಮುಗಿಯುವುದಿಲ್ಲ ಅಂತ ಮಕ್ಕಳೇ ಭಾಗಿಸಿ ಹೇಳಬಹುದು. ಸಣ್ಣ ಹಿಮನದಿಗಳ ಕಥೆ ಬೇರೆ, ಅವು ಹೋಗುತ್ತಿವೆ.

ಇನ್ನು ಅಳತೆ. ನಮ್ಮ ಕಡೆ ಬೇಸಗೆಯಲ್ಲಿ ಬಾವಿಯ ನೀರು ಎಷ್ಟು ಕೋಲು ಇಳಿಯಿತು ಅಂತ ನೋಡುತ್ತೇವಲ್ಲ, ಕ್ರಮ ಅದೇ. ಕೋಲು ಮಾತ್ರ ಬಿದಿರಿನದ್ದು. ಹಿಮನದಿಯ ಕೆಳಭಾಗದ ಗಡ್ಡೆಯಲ್ಲಿ ಸುಮಾರು 10 ಮೀಟರ್ ಆಳದ ತೂತು ತೆಗೆದು, ಎರಡೆರಡು ಮೀಟರಿನ ಬಿದಿರಿನ ತುಂಡುಗಳನ್ನು ತಂತಿಯಲ್ಲಿ ಒಂದಕ್ಕೊಂದು ಕಟ್ಟಿ ಇಳಿಸುತ್ತಾರೆ. ಗಡ್ಡೆ ಕರಗಿದಂತೆ ಮೇಲಿನ ತುಂಡು ಹೊರಗೆ ಬಂದು ಅಡ್ಡ ಬೀಳುತ್ತದೆ, ತಂತಿಯಿಂದಾಗಿ ಕಳೆದುಹೋಗುವುದಿಲ್ಲ. ಕಬ್ಬಿಣದ ಪೈಪ್ ಹಾಕಿದರೆ ಬಿಸಿಲಿಗೆ ಕಾದು ಸುತ್ತಲಿನ ಗಡ್ಡೆಯನ್ನು ತಾನೇ ಕರಗಿಸುತ್ತದೆ, ಅದಕ್ಕೇ ಬಿದಿರು.

ತೂತು ತೆಗೆಯುವುದು ಹಬೆಯ ಡ್ರಿಲ್‌ನಲ್ಲಿ. ಗ್ಯಾಸ್ ಬರ್ನರ್ ಮೇಲೆ ಸಣ್ಣ ಬಾಯ್ಲರ್, ಅದರಿಂದ ಶಾಖನಿರೋಧಕ ಹೊದಿಸಿದ ಕೊಳವೆ, ತುದಿಯಲ್ಲಿ ಹಬೆ ಬಿಡುವ ಮೂಗು. ಗ್ಯಾಸಿನಲ್ಲೇ ಮೊದಲ ಎಡವಟ್ಟು. ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿಯಲ್ಲೇ ದ್ರವವಾಗಿ ಕುಳಿತುಬಿಡುತ್ತದೆ, ಬರ್ನರ್‌ಗೆ ಏರುವುದಿಲ್ಲ. ಪ್ರೋಪೇನ್ ಕುದಿಯುವುದು ಮೈನಸ್ 42ರಲ್ಲಿ. ಹಾಗಾಗಿ ಪ್ರೋಪೇನ್ ಬೆರೆಸಿದ ಸಿಲಿಂಡರೇ ಬೇಕು. ಡ್ರಿಲ್ ಕಲ್ಲಿಗೆ ತಾಗಿದರೆ ಒತ್ತಿ ಪ್ರಯೋಜನ ಇಲ್ಲ. ಎಳೆದು ಒಂದು ಮೀಟರ್ ಪಕ್ಕಕ್ಕೆ ಹೋಗಿ ಮತ್ತೆ ಶುರು ಮಾಡಬೇಕು.

ಗೂಟ ಇಳಿಸಿದ ಕೂಡಲೇ ಓದಿ ಬರೆದುಕೊಂಡರೆ ಮೋಸ ಹೋಗುತ್ತೀರಿ. ತೂತಿನಲ್ಲಿ ನೀರು ತುಂಬಿರುತ್ತದೆ, ಬಿದಿರು ತೇಲುತ್ತದೆ. ಅದು ಹತ್ತು ಸೆಂಟಿಮೀಟರ್ ಮೇಲೆದ್ದು ಹಾಗೆಯೇ ಹೆಪ್ಪುಗಟ್ಟಿದರೆ ಆ ವರ್ಷ ಹತ್ತು ಸೆಂಟಿಮೀಟರ್ ಹೆಚ್ಚು ಕರಗಿದ ಹಾಗೆ ಲೆಕ್ಕ ಬರುತ್ತದೆ. ತಳಕ್ಕೆ ಮುಟ್ಟಿಸಿ ಹಿಡಿದು, ಗಡ್ಡೆಯ ಮಟ್ಟದಲ್ಲಿ ಗೀರು ಹಾಕಿ, ಮರುದಿನ ಬಂದು ಗೀರು ಎಲ್ಲಿದೆ ಅಂತ ನೋಡಲೇಬೇಕು.

ಓದುವಾಗಲೂ ಹಾಗೆ. ಗೂಟದ ಬುಡದಲ್ಲಿ ಗಡ್ಡೆ ಬಟ್ಟಲಿನ ಹಾಗೆ ಕುಳಿ ಬಿದ್ದಿರುತ್ತದೆ. ಟೇಪನ್ನು ಕುಳಿಯ ತಳಕ್ಕೆ ಹಿಡಿಯಬಾರದು. ಕುಳಿಯ ಮೇಲೆ ಅಡ್ಡ ಹಲಗೆಯೋ ಐಸ್ ಕೊಡಲಿಯ ಹಿಡಿಯೋ ಇಟ್ಟು ಅಲ್ಲಿಂದ ಅಳೆಯಬೇಕು. ಗೂಟ 20 ಡಿಗ್ರಿ ವಾಲಿದ್ದರೆ ಉದ್ದದ ಅಳತೆ ನೇರ ಎತ್ತರಕ್ಕಿಂತ ನೂರಕ್ಕೆ ಆರರಷ್ಟು ಹೆಚ್ಚು ತೋರಿಸುತ್ತದೆ.

ಉದಾಹರಣೆಗೆ, ಕಳೆದ ವರ್ಷ ಗೂಟ ಹೊರಗೆ ಕಾಣುತ್ತಿದ್ದದ್ದು 1.10 ಮೀ., ಈ ವರ್ಷ 3.45 ಮೀ. ಅಂತ ಇಟ್ಟುಕೊಳ್ಳಿ. ಹೋದ ಗಡ್ಡೆ 2.35 ಮೀ. ಗಡ್ಡೆಯ ಸಾಂದ್ರತೆ ಘನಮೀಟರಿಗೆ ಸುಮಾರು 900 ಕೆ.ಜಿ. ನೀರಿನ ಲೆಕ್ಕಕ್ಕೆ ತಂದರೆ 2.35 × 0.9, ಅಂದರೆ ಸುಮಾರು 2.1 ಮೀ. ವರದಿಗಳಲ್ಲಿ ಬರುವ ಮೀಟರ್ ಈ ನೀರಿನ ಮೀಟರ್, ಗಡ್ಡೆಯದ್ದಲ್ಲ.

ಕಾಲೇಜು_ಭೌತಶಾಸ್ತ್ರ (ಉಡುಪಿ)

ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ, ಧನ್ಯವಾದ. ಆದರೆ ಒಂದು ಗೂಟದಲ್ಲಿ 2.1 ಮೀ. ಬರುವಾಗ ಇಡೀ ಹಿಮನದಿಗೆ ಅರ್ಧ ಮೀಟರ್ ಆಗುವುದು ಹೇಗೆ?

ಬಿದಿರುಗೂಟ

ಕೆಳಗೆ ಖರ್ಚು, ಮೇಲೆ ಜಮೆ. ಮೇಲ್ಭಾಗದಲ್ಲಿ ಬಿದ್ದ ಹಿಮ ಬೇಸಗೆಯಲ್ಲೂ ಪೂರ್ತಿ ಕರಗದೆ ಉಳಿಯುತ್ತದೆ. ಅಲ್ಲಿ ಗೂಟದ ಬದಲು ಗುಂಡಿ ತೋಡುತ್ತಾರೆ. ಕಳೆದ ಬೇಸಗೆಯ ಮೇಲ್ಮೈ ಸಿಗುವವರೆಗೂ ಅಗೆಯಬೇಕು, ಅದು ದೂಳು ಕೂತು ಕಂದಾಗಿ, ಗಟ್ಟಿಯಾಗಿ ಕೈಗೆ ಸಿಗುತ್ತದೆ. ನೆರಳಿನ ಗೋಡೆಯನ್ನು ನೀಟಾಗಿ ಕೆರೆದು, ಗೊತ್ತಿರುವ ಗಾತ್ರದ ಉಕ್ಕಿನ ಕೊಳವೆಯನ್ನು ಮೇಲಿಂದ ಕೆಳಗೆ ಸಾಲಾಗಿ ತಳ್ಳಿ, ಒಂದೊಂದು ಮಾದರಿಯನ್ನೂ ತೂಗುತ್ತಾರೆ. 500 ಘನ ಸೆಂ.ಮೀ. ಕೊಳವೆಯಲ್ಲಿ 200 ಗ್ರಾಮ್ ಬಂದರೆ ಸಾಂದ್ರತೆ 400. ಬಿಸಿಲಿಗೆ ಒಡ್ಡಿದ ಗೋಡೆಯಲ್ಲಿ ಮಾಡಿದರೆ ಹಿಮ ಒದ್ದೆಯಾಗಿ ತೂಕ ತಪ್ಪುತ್ತದೆ. ಇನ್ನೊಂದು ಮೋಸ ಅಂದರೆ ನಡುವೆ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಪದರ. ಅದನ್ನೇ ಕಳೆದ ವರ್ಷದ ಮೇಲ್ಮೈ ಅಂತ ತಿಳಿದು ಅಗೆಯುವುದನ್ನು ನಿಲ್ಲಿಸಿದರೆ ಅರ್ಧ ವರ್ಷದ ಜಮೆ ಲೆಕ್ಕದಿಂದ ಬಿಟ್ಟುಹೋಯಿತು.

ಆಮೇಲೆ ಹಿಮನದಿಯನ್ನು ಎತ್ತರದ ಪ್ರಕಾರ 50 ಅಥವಾ 100 ಮೀಟರಿನ ಪಟ್ಟಿಗಳಾಗಿ ಮಾಡಿ, ಒಂದೊಂದು ಪಟ್ಟಿಯ ಅಂಕೆಯನ್ನು ಅದರ ವಿಸ್ತೀರ್ಣದಿಂದ ಗುಣಿಸಿ, ಕೂಡಿಸಿ, ಒಟ್ಟು ವಿಸ್ತೀರ್ಣದಿಂದ ಭಾಗಿಸುವುದು. ಹಿಮಾಚಲದ ಲಾಹೌಲ್-ಸ್ಪಿತಿಯ ಚಂದ್ರಾ ಕಣಿವೆಯಲ್ಲಿ ಛೋಟಾ ಶಿಗ್ರಿ ಅಂತ ಹಿಮನದಿ ಉಂಟು, ಉದ್ದ ಸುಮಾರು 9 ಕಿ.ಮೀ., ವಿಸ್ತೀರ್ಣ ಸುಮಾರು 15.5 ಚದರ ಕಿ.ಮೀ. 2002ರಿಂದ ವರ್ಷ ತಪ್ಪದೆ ಅಲ್ಲಿ ಗೂಟ ಓದುತ್ತಾ ಬಂದಿದ್ದಾರೆ. 2002ರಿಂದ 2019ರವರೆಗಿನ ಸರಾಸರಿ ವರ್ಷಕ್ಕೆ ಮೈನಸ್ 0.46 ಮೀ., ಕೂಡ ಅಥವಾ ಕಳೆ 0.40. ಮಕ್ಕಳಿಗೆ ಈ 0.40ರ ಅನಿಶ್ಚಿತತೆಯನ್ನೂ ಹೇಳಿ. ಅದು ಹೆಚ್ಚಾಗಿ ಬರುವುದು ಮೇಲಿನ ಜಮೆಯ ಭಾಗದಿಂದ. 5,500 ಮೀಟರ್ ಎತ್ತರದಲ್ಲಿ, ಬಿರುಕುಗಳ ನಡುವೆ, ಐದಾರು ಗುಂಡಿಗಿಂತ ಹೆಚ್ಚು ತೋಡಲಿಕ್ಕೆ ಆಗುವುದಿಲ್ಲ.

ಹಿಮನದಿಯ ಮೂತಿ (ಕೆಳತುದಿ) ಎಷ್ಟು ಹಿಂದೆ ಸರಿಯಿತು ಅನ್ನುವುದು ಬೇರೆಯೇ ಅಳತೆ. ಗಂಗೋತ್ರಿಯ ಮೂತಿಯ ನಕ್ಷೆ 1935ರಿಂದ ಉಂಟು, ಅದು ಬೆಲೆಬಾಳುವ ದಾಖಲೆ. ಆದರೆ 30 ಕಿ.ಮೀ. ಉದ್ದದ ಹಿಮನದಿಯ ಮೂತಿ ಇವತ್ತು ಸರಿಯುವುದು ಹಲವು ದಶಕಗಳ ಹಿಂದಿನ ಹವೆಗೆ. ಈ ವರ್ಷದ ಹವೆಗೆ ಕೂಡಲೇ ಉತ್ತರ ಕೊಡುವುದು ಗೂಟ ಮತ್ತು ಗುಂಡಿ.

ಮೇಲಿನಕಣ್ಣು

ಉಪಗ್ರಹದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಎರಡು ವರ್ಷಗಳ ಎತ್ತರದ ನಕ್ಷೆಗಳನ್ನು ಕಳೆದರೆ ತೆಳುವಾದ ಲೆಕ್ಕ ಸಿಗುತ್ತದೆ. 2018ರ ಐಸ್‌ಸ್ಯಾಟ್-2 ಉಪಗ್ರಹ ಎತ್ತರ ಅಳೆಯಲು ಹಸಿರು ಲೇಸರಿನ ಆರು ಕಿರಣ ಬಿಡುತ್ತದೆ. ತಪ್ಪುವುದು ರೇಡಾರ್ ನಕ್ಷೆ ಬಳಸಿದಾಗ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಮಾಡಿದ ರೇಡಾರ್ ನಕ್ಷೆಯನ್ನು ಎಲ್ಲರೂ ತಳಹದಿ ಮಾಡಿಕೊಳ್ಳುತ್ತಾರೆ. ಆದರೆ ಒಣ ಹಿಮದಲ್ಲಿ ಆ ರೇಡಾರ್ ಅಲೆ ಹಲವು ಮೀಟರ್ ಒಳಗೆ ಇಳಿದು ಪ್ರತಿಫಲಿಸುತ್ತದೆ. ಅದನ್ನು ಸರಿಪಡಿಸದಿದ್ದರೆ 2000ದಲ್ಲಿ ಹಿಮನದಿ ಇದ್ದದ್ದಕ್ಕಿಂತ ತಗ್ಗು ಕಾಣುತ್ತದೆ, ನಷ್ಟ ಕಡಿಮೆ ಬರುತ್ತದೆ. ಎತ್ತರದ ವ್ಯತ್ಯಾಸವನ್ನು ತೂಕಕ್ಕೆ ತರಲು ಘನಮೀಟರಿಗೆ 850 ಕೆ.ಜಿ., ಕೂಡ ಅಥವಾ ಕಳೆ 60 ಅಂತ ಸಾಂದ್ರತೆ ಹಿಡಿಯುವುದು ರೂಢಿ.

ಗ್ರೇಸ್ ಉಪಗ್ರಹಗಳು (2002ರಿಂದ 2017, ಮುಂದಿನ ಜೋಡಿ 2018ರಿಂದ) ನೇರವಾಗಿ ತೂಕವನ್ನೇ ನೋಡುತ್ತವೆ. ಸುಮಾರು 220 ಕಿ.ಮೀ. ಅಂತರದಲ್ಲಿ ಒಂದರ ಹಿಂದೆ ಒಂದು ಹೋಗುವಾಗ ಕೆಳಗಿನ ಗುರುತ್ವ ಬದಲಾದಂತೆ ನಡುವಿನ ದೂರ ಕೂದಲೆಳೆಗಿಂತ ಸಣ್ಣದಾಗಿ ಬದಲಾಗುತ್ತದೆ. ಗ್ರೀನ್‌ಲ್ಯಾಂಡಿಗೆ ಇದು ಚಂದ ಕೆಲಸ ಮಾಡುತ್ತದೆ. ಹಿಮಾಲಯಕ್ಕೆ ಹಾಗೇ ಹಾಕಬೇಡಿ. ಅದರ ಕಣ್ಣಿಗೆ ಮುನ್ನೂರು ಕಿ.ಮೀ.ಗಿಂತ ಸಣ್ಣದು ಸ್ಪಷ್ಟವಾಗಿ ಕಾಣುವುದಿಲ್ಲ, ಪಕ್ಕದಲ್ಲೇ ಪಂಜಾಬ್, ಹರಿಯಾಣದ ಬೋರ್‌ವೆಲ್‌ಗಳು ಅಂತರ್ಜಲ ಎತ್ತುತ್ತಿವೆ. ಆ ತೂಕ ಇಳಿದದ್ದೂ ಹಿಮನದಿಯ ಲೆಕ್ಕಕ್ಕೆ ಸೇರಿ ಹೋಗುತ್ತದೆ.

ಮಲ್ಪೆ_ಗಾಳಿ

ಹವೆಯನ್ನೂ ಹಿಮವನ್ನೂ ತಾನೇ ಅಳೆದು ದಾಖಲಿಸುವ ಹವಾಮಾನ ಯಂತ್ರದ ಬಗ್ಗೆ ಯಾರೂ ಹೇಳಲಿಲ್ಲ. ಗೂಟ ಎಷ್ಟು ಕರಗಿತು ಅಂತ ಹೇಳುತ್ತದೆ, ಯಾಕೆ ಅಂತ ಹೇಳಬೇಕಾದದ್ದು ಯಂತ್ರ. ಗೋವಾದ ಎನ್‌ಸಿಪಿಒಆರ್ (ಧ್ರುವ ಮತ್ತು ಸಾಗರ ಸಂಶೋಧನೆಯ ರಾಷ್ಟ್ರೀಯ ಕೇಂದ್ರ) 2016ರಲ್ಲಿ ಸ್ಪಿತಿಯಲ್ಲಿ 4,000 ಮೀಟರಿಗಿಂತ ಮೇಲೆ ಹಿಮಾಂಶ್ ಅಂತ ಕೇಂದ್ರ ಮಾಡಿದ್ದು ಇಂಥ ಕೆಲಸಗಳಿಗೇ.

ಹಿಮದ ದಪ್ಪ ಅಳೆಯುವ ಶಬ್ದದ ಸೆನ್ಸರ್ ಮೇಲಿನಿಂದ ಸದ್ದು ಬಿಟ್ಟು ಪ್ರತಿಧ್ವನಿಯ ಸಮಯ ಹಿಡಿಯುತ್ತದೆ. ಶಬ್ದದ ವೇಗ ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀ., ಮೈನಸ್ 20ರಲ್ಲಿ ಸುಮಾರು 319 ಮೀ. ಉಷ್ಣತೆಯ ತಿದ್ದುಪಡಿ ಬಿಟ್ಟರೆ 2 ಮೀಟರ್ ದೂರದಲ್ಲಿ 7 ಸೆಂ.ಮೀ. ತಪ್ಪು, ಅದೂ ರಾತ್ರಿಗೊಂದು ಹಗಲಿಗೊಂದು. ಗ್ರಾಫಿನಲ್ಲಿ ಪ್ರತಿ ರಾತ್ರಿ ಹಿಮ ಇಳಿದು ಹಗಲು ಏರಿದ ಹಾಗೆ ಕಂಡರೆ ಮೊದಲು ನೋಡಬೇಕಾದದ್ದು ಇದನ್ನೇ.

ಬ್ಯಾಟರಿ ಇನ್ನೊಂದು ತಲೆನೋವು. ಪೂರ್ತಿ ಚಾರ್ಜ್ ಇರುವ ಲೆಡ್-ಆಸಿಡ್ ಬ್ಯಾಟರಿ ಮೈನಸ್ 50ರಲ್ಲೂ ಹೆಪ್ಪುಗಟ್ಟುವುದಿಲ್ಲ, ಖಾಲಿಯಾದದ್ದು ಮೈನಸ್ 10ರ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಡಬ್ಬ ಒಡೆಯುತ್ತದೆ. ಸೋಲಾರ್ ಪ್ಯಾನೆಲ್ ಮೇಲೆ ಹಿಮ ಕೂತು ಎರಡು ವಾರ ಚಾರ್ಜ್ ಆಗದಿದ್ದರೆ ಆ ಚಳಿಗಾಲದ ದಾಖಲೆ ಅಲ್ಲಿಗೆ ಮುಗಿಯಿತು. ಪ್ಯಾನೆಲನ್ನು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸುವುದು ಅದಕ್ಕೇ. ಹಿಮ ಜಾರಿ ಬೀಳುತ್ತದೆ, ನೆಲದ ಹಿಮದಿಂದ ಪ್ರತಿಫಲಿಸಿದ ಬೆಳಕೂ ಸಿಗುತ್ತದೆ.

ಪಣಂಬೂರು_ಭರತ

ಸಾರ್, ನಿಮ್ಮ ಎರಡನೇ ಪ್ರಶ್ನೆಗೆ ಬರ್ತೇನೆ. ಲೆಕ್ಕ ಬೋರ್ಡಿನಲ್ಲೇ ಆಗ್ತದೆ. ಸಮುದ್ರಗಳ ಒಟ್ಟು ವಿಸ್ತೀರ್ಣ ಸುಮಾರು 36 ಕೋಟಿ ಚದರ ಕಿ.ಮೀ. ಅದರ ಮೇಲೆ 1 ಮಿ.ಮೀ. ನೀರು ಅಂದರೆ 360 ಘನ ಕಿ.ಮೀ., ಅಂದರೆ 360 ಗಿಗಾಟನ್ (ಒಂದು ಗಿಗಾಟನ್ ಅಂದರೆ 100 ಕೋಟಿ ಟನ್). ಗ್ರೀನ್‌ಲ್ಯಾಂಡ್ ಈಗ ವರ್ಷಕ್ಕೆ ಸುಮಾರು 270 ಗಿಗಾಟನ್ ಕಳೆದುಕೊಳ್ಳುತ್ತಾ ಉಂಟು. ಅಂದರೆ ಮುಕ್ಕಾಲು ಮಿ.ಮೀ. ಎರಡು ಧ್ರುವದ ಹಿಮಹಾಸು ಬಿಟ್ಟು ಲೋಕದ ಉಳಿದೆಲ್ಲ ಹಿಮನದಿಗಳೂ ಪೂರ್ತಿ ಕರಗಿದರೆ ಏರುವುದು ಸುಮಾರು 32 ಸೆಂ.ಮೀ. ಗ್ರೀನ್‌ಲ್ಯಾಂಡ್ ಒಂದರಲ್ಲೇ 7 ಮೀಟರಿಗಿಂತ ಹೆಚ್ಚು, ಅಂಟಾರ್ಕ್ಟಿಕಾದಲ್ಲಿ ಸುಮಾರು 58 ಮೀ. ಹಿಮಾಲಯದ ಚಿಂತೆ ಕೆಳಗಿನ ಹೊಳೆ, ಕೃಷಿ, ಕರಗಿದ ನೀರು ನಿಂತ ಸರೋವರ ಒಡೆಯುವುದು. ಕಡಲಿನ ಚಿಂತೆ ಇರುವುದು ಧ್ರುವಗಳಲ್ಲಿ.

ತೇಲುವ ಸಮುದ್ರದ ಗಡ್ಡೆ ಕರಗಿದರೆ ಮಟ್ಟ ಏರುವುದಿಲ್ಲ, ಅದು ಆಗಲೇ ತನ್ನ ತೂಕದ ನೀರನ್ನು ಸರಿಸಿಯಾಗಿದೆ. ಮತ್ತೊಂದು, ನೀರು ಎಲ್ಲ ಕಡೆ ಸಮ ಏರುವುದಿಲ್ಲ. ದೊಡ್ಡ ಹಿಮಹಾಸು ತನ್ನ ಗುರುತ್ವದಿಂದ ಸುತ್ತಲಿನ ಸಮುದ್ರವನ್ನು ತನ್ನತ್ತ ಎಳೆದು ಹಿಡಿದಿರುತ್ತದೆ. ಅದು ಕರಗಿದಾಗ ಎಳೆತ ಸಡಿಲಾಗಿ ಎರಡು ಸಾವಿರ ಕಿ.ಮೀ. ಒಳಗಿನ ಕಡಲು ಇಳಿಯುತ್ತದೆ, ಆ ನೀರು ದೂರ ಬರುತ್ತದೆ. ದೂರ ಅಂದರೆ ನಾವು, ಉಷ್ಣವಲಯದವರು. ಗ್ರೀನ್‌ಲ್ಯಾಂಡಿನ ಪಾಲು ನಮ್ಮಲ್ಲಿ ಲೋಕದ ಸರಾಸರಿಗಿಂತ ಸ್ವಲ್ಪ ಹೆಚ್ಚೇ.

ಆದರೆ ಉಳ್ಳಾಲದಲ್ಲಿ ಮನೆ ಹೋದ ಕೂಡಲೇ ಅಂಟಾರ್ಕ್ಟಿಕಾವನ್ನು ದೂರಬೇಡಿ ಮಾರಾಯ್ರೇ. ಐಪಿಸಿಸಿ ಲೆಕ್ಕದಲ್ಲಿ 2006ರಿಂದ 2018ರವರೆಗೆ ಜಾಗತಿಕ ಏರಿಕೆ ವರ್ಷಕ್ಕೆ 3.7 ಮಿ.ಮೀ. ಒಂದು ಮಳೆಗಾಲದಲ್ಲಿ ಹತ್ತಾರು ಮೀಟರ್ ದಡ ಹೋಗುವುದನ್ನು ಅಷ್ಟರಿಂದ ವಿವರಿಸಲಿಕ್ಕೆ ಆಗುವುದಿಲ್ಲ. ಹೊಳೆಯಿಂದ ಬರಬೇಕಾದ ಮರಳು ಕಿಂಡಿ ಅಣೆಕಟ್ಟಿನ ಹಿಂದೆ ನಿಂತದ್ದು, ಮರಳು ತೆಗೆದದ್ದು, ಅಳಿವೆಬಾಗಿಲಿನ ತಡೆಗೋಡೆಗಳು ದಡದುದ್ದದ ಮರಳಿನ ಓಟ ತಡೆದದ್ದು, ಮಳೆಗಾಲದ ತೆರೆ, ಇವು ಕಣ್ಣೆದುರಿನ ಕಾರಣಗಳು. ಮಟ್ಟದ ಏರಿಕೆ ಇವೆಲ್ಲದರ ಅಡಿಪಾಯವನ್ನು ಮೆಲ್ಲ ಎತ್ತುತ್ತಾ ಉಂಟು.

ಇನ್ನೊಂದು ವಿಚಿತ್ರ ಹೇಳ್ತೇನೆ. ನಮ್ಮ ಕರಾವಳಿಯಲ್ಲಿ ಕಡಲಿನ ಸರಾಸರಿ ಮಟ್ಟ ಅತಿ ತಗ್ಗು ಇರುವುದು ಮಳೆಗಾಲದ ಹೊತ್ತಿಗೇ. ಆಗ ಪ್ರವಾಹ ದಕ್ಷಿಣಕ್ಕೆ ಹರಿದು ದಡದ ಬಳಿ ಕೆಳಗಿನ ತಣ್ಣನೆಯ ನೀರು ಮೇಲೆ ಬರುತ್ತದೆ. ಚಳಿಗಾಲಕ್ಕೆ ಮಟ್ಟ ಮತ್ತೆ ಹತ್ತಿಪ್ಪತ್ತು ಸೆಂ.ಮೀ. ಏರುತ್ತದೆ. ಇಷ್ಟು ದೊಡ್ಡ ಏರಿಳಿತದೊಳಗಿಂದ ವರ್ಷಕ್ಕೆ ಮೂರ್ನಾಲ್ಕು ಮಿ.ಮೀ. ಹೆಕ್ಕಬೇಕಾದರೆ ಬಂದರಿನ ಭರತಮಾಪಕದಲ್ಲಿ (ಕಡಲಿನ ಮಟ್ಟ ಅಳೆಯುವ ಯಂತ್ರ) ದಶಕಗಟ್ಟಲೆ ದಾಖಲೆ ಬೇಕು. ಮಾಪಕ ಕೂತ ಧಕ್ಕೆ (ಹಡಗುಕಟ್ಟೆ) ತಾನೇ ಕುಸಿಯುತ್ತಾ ಉಂಟೋ ಅಂತ ಆಗಾಗ ಲೆವೆಲಿಂಗ್ ಮಾಡಿ ನೋಡಬೇಕು.

ಕೆಸರುಪದರ (ಕೊಣಾಜೆ)

ಹಳೆಯ ಕಾಲದ ಹವೆ ತಿಳಿಯುವ ಕೆಲಸ ನಮ್ಮ ಊರಿನಲ್ಲೇ ನಡೆದಿದೆ ಅಂತ ಮಕ್ಕಳಿಗೆ ಹೇಳಿ. ಅಂಟಾರ್ಕ್ಟಿಕಾದಲ್ಲಿ ಭಾರತದ ಮೈತ್ರಿ ಕೇಂದ್ರ (1989) ಇರುವ, ಹಿಮ ಮುಚ್ಚದ ಬಂಡೆಯ ಜಾಗವಾದ ಶಿರ್ಮಾಕರ್ ಓಯಸಿಸ್‌ನಲ್ಲಿ ನೂರಕ್ಕಿಂತ ಹೆಚ್ಚು ಸರೋವರಗಳುಂಟು. ಅವುಗಳ ತಳದ ಕೆಸರಿನ ಕಾಂತೀಯ ಗುಣದಿಂದ ಹವೆಯ ಚರಿತ್ರೆ ಓದಿದವರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಮತ್ತು ಮಣಿಪಾಲದ ಸಂಶೋಧಕರೂ ಇದ್ದಾರೆ.

ಕೆಸರನ್ನು ಒಣಗಿಸುವಾಗ 40 ಡಿಗ್ರಿ ದಾಟಿಸಬಾರದು, ಬಿಸಿ ಹೆಚ್ಚಾದರೆ ಕಬ್ಬಿಣದ ಖನಿಜಗಳೇ ಬದಲಾಗುತ್ತವೆ. ಪುಡಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಸಣ್ಣ ಪ್ಲಾಸ್ಟಿಕ್ ಬಾಟ್ಲಿಯಲ್ಲಿ ಅಲುಗದಂತೆ ಬಿಗಿಯಾಗಿ ತುಂಬಬೇಕು. ಸಡಿಲ ಇದ್ದರೆ ಕಣಗಳು ತಿರುಗಿ ಕೊಟ್ಟ ಕಾಂತತೆ ಕಳೆದುಹೋಗುತ್ತದೆ. 0.47 ಮತ್ತು 4.7 ಕಿಲೋಹರ್ಟ್ಜ್ ಎರಡರಲ್ಲೂ ಕಾಂತಪ್ರವಣತೆ (ಕಾಂತಕ್ಷೇತ್ರದಲ್ಲಿಟ್ಟಾಗ ಎಷ್ಟು ಕಾಂತತೆ ಪಡೆಯುತ್ತದೆ ಅನ್ನುವ ಅಳತೆ) ಓದಿದರೆ, ಎರಡರ ವ್ಯತ್ಯಾಸದಿಂದ ಅತಿ ಸಣ್ಣ ಕಣಗಳು ಎಷ್ಟು ಅಂತ ತಿಳಿಯುತ್ತದೆ. ಅತಿ ಚಳಿಯ ಕಾಲದಲ್ಲಿ ಹಿಮ ಬಂಡೆಯನ್ನು ಅರೆದು ತಂದ ಪುಡಿ ಹೆಚ್ಚು, ಆಗ ಕಾಂತಪ್ರವಣತೆ ಏರುತ್ತದೆ. ಸ್ವಲ್ಪ ಬೆಚ್ಚಗಿನ ಕಾಲದಲ್ಲಿ ಪಾಚಿಯಂಥ ಜೈವಿಕ ವಸ್ತು ಸೇರಿ ಅದು ಇಳಿಯುತ್ತದೆ. ಕಷ್ಟ ಇರುವುದು ಕಾಲನಿರ್ಣಯದಲ್ಲಿ. ಕರಗಿದ ಹಳೆಯ ಗಡ್ಡೆಯ ಜೊತೆ ಹಳೆಯ ಇಂಗಾಲವೂ ಸರೋವರಕ್ಕೆ ಸೇರುವುದರಿಂದ ರೇಡಿಯೋಕಾರ್ಬನ್ ವಯಸ್ಸು ನಿಜಕ್ಕಿಂತ ಹೆಚ್ಚು ಬರುತ್ತದೆ. ಇವತ್ತಿನ ಮೇಲ್ಪದರದ ಕೆಸರಿನ ವಯಸ್ಸು ಎಷ್ಟು ಬರುತ್ತದೆ ಅಂತ ನೋಡಿ ಅಷ್ಟನ್ನು ಕಳೆಯುವುದು ಕ್ರಮ.

ಹಿಮದ ಕಂಬ ಕೊರೆದು ಗುಳ್ಳೆಯ ಗಾಳಿ ತೆಗೆಯುವವರಿಗೂ ಇಂಥದ್ದೇ ತೊಡಕು. ಗುಳ್ಳೆ ಮುಚ್ಚಿಕೊಳ್ಳುವುದು 60ರಿಂದ 100 ಮೀಟರ್ ಆಳದಲ್ಲಿ. ಅಲ್ಲಿಯವರೆಗೆ ಗಾಳಿ ಮೇಲಿನ ವಾತಾವರಣದ ಜೊತೆ ಬೆರೆಯುತ್ತಲೇ ಇರುತ್ತದೆ. ಹಾಗಾಗಿ ಗಾಳಿ ಯಾವಾಗಲೂ ತನ್ನ ಸುತ್ತಲಿನ ಗಡ್ಡೆಗಿಂತ ಕಿರಿಯದು, ಕೆಲವು ಕಡೆ ಸಾವಿರಾರು ವರ್ಷ ಕಿರಿಯದು.

ಕಾಲೇಜು_ಭೌತಶಾಸ್ತ್ರ (ಉಡುಪಿ)

ಚಾರ್ಟ್ ತೆಗೆದಾಯಿತು. ಇನ್ನು ಪ್ರಯೋಗ. ಹಿಮನದಿಯ ಮೇಲೆ ತೆಳು ದೂಳು ಬಿದ್ದರೆ ಬೇಗ ಕರಗುತ್ತದೆ, ದಪ್ಪ ಕಲ್ಲುಮಣ್ಣು ಇದ್ದರೆ ನಿಧಾನ ಅಂತ ಓದಿದ್ದೇನೆ. ಮಲ್ಪೆ ಬಂದರಿನಿಂದ ಮಂಜುಗಡ್ಡೆ ತಂದು ಇದನ್ನು ತೋರಿಸಬಹುದಾ? ಮೂರು ಬಕೆಟ್ ಇಟ್ಟು ಕರಗಿದ ನೀರು ತೂಗುವ ಯೋಚನೆ.

ಮಲ್ಪೆ_ಗಾಳಿ

ಮಾಡಬಹುದು, ಆದರೆ ನೀವು ಹೇಳಿದ ಹಾಗೆ ಮಾಡಿದರೆ ಮೂರೂ ಹೆಚ್ಚುಕಡಿಮೆ ಒಂದೇ ಬಂದು ಮಕ್ಕಳಿಗೆ ಬೇಸರ ಆಗ್ತದೆ. ಒಂದೇ ಬ್ಲಾಕಿನಿಂದ ಮೇಲ್ಮೈ 20 × 20 ಸೆಂ.ಮೀ. ಬರುವ ಹಾಗೆ ಮೂರು ತುಂಡು ಕೊಯ್ಯಿಸಿ. ನಾಲ್ಕು ಬದಿಗೂ ಅಡಿಗೂ ಒಂದಿಂಚಿನ ಥರ್ಮಾಕೋಲ್ ಕಟ್ಟಿ, ಅಡಿಯಲ್ಲಿ ನೀರು ಹೋಗಲು ತೂತು ಬಿಡಿ. ಬದಿ ತೆರೆದಿದ್ದರೆ ಕರಗುವುದರ ದೊಡ್ಡ ಪಾಲು ಬದಿಯಿಂದಲೇ, ಮೇಲಿನ ಮಣ್ಣಿನ ಪ್ರಭಾವ ಕಾಣುವುದೇ ಇಲ್ಲ.

ಒಂದು ಖಾಲಿ. ಇನ್ನೊಂದರ ಮೇಲೆ ಜರಡಿ ಹಿಡಿದ ಇದ್ದಿಲ ಪುಡಿ ಒಂದು ಚಮಚ, ಮೇಲ್ಮೈ ಕಪ್ಪು ಕಾಣುವಷ್ಟು. ಮೂರನೆಯದರ ಮೇಲೆ 5 ಸೆಂ.ಮೀ. ಮರಳು, ಸುಮಾರು 3 ಕೆ.ಜಿ. ಬೇಕಾದೀತು. ಆ ಮರಳನ್ನು ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಡಿ. 30 ಡಿಗ್ರಿಯ 3 ಕೆ.ಜಿ. ಮರಳು ಸೊನ್ನೆಗೆ ಇಳಿಯುವಾಗ ಬಿಡುವ ಶಾಖ ಸುಮಾರು 72 ಕಿಲೋಜೂಲ್. ಗಡ್ಡೆಯ ಗುಪ್ತೋಷ್ಣ ಗ್ರಾಮಿಗೆ 334 ಜೂಲ್, ಅಂದರೆ 200 ಗ್ರಾಮಿಗಿಂತ ಹೆಚ್ಚು ಗಡ್ಡೆ ಮರಳಿನ ಬಿಸಿಯಿಂದಲೇ ಕರಗಿತು. ಕಪ್ಪು ಮೇಲ್ಮೈ ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಗಂಟೆಯಲ್ಲಿ ಹೀರುವುದೂ ಸುಮಾರು ಇದರ ಒಂದೂವರೆ ಪಟ್ಟು ಅಷ್ಟೇ. ಪ್ರಯೋಗ ಅಲ್ಲೇ ತಲೆಕೆಳಗು.

ದೊಡ್ಡ ತೊಡಕು ನಮ್ಮ ಸೆಕೆ. ಸ್ಪಿತಿಯ ಗಾಳಿ ಒಣ. ಅಲ್ಲಿ ಹಿಮದ ಸ್ವಲ್ಪ ಪಾಲು ನೀರಾಗದೆ ನೇರ ಆವಿಯಾಗಿ ಹೋಗುತ್ತದೆ, ಅದಕ್ಕೆ ಕರಗುವುದಕ್ಕಿಂತ ಎಂಟೂವರೆ ಪಟ್ಟು ಶಾಖ ಬೇಕು. ಉಡುಪಿಯಲ್ಲಿ ಪೂರಾ ಉಲ್ಟಾ. ಗಾಳಿಯ ತೇವ ಗಡ್ಡೆಯ ಮೇಲೆ ಹನಿಯಾಗುತ್ತದೆ, ಹನಿಯಾದ ಒಂದೊಂದು ಗ್ರಾಮ್ ಏಳೂವರೆ ಗ್ರಾಮ್ ಗಡ್ಡೆ ಕರಗಿಸುತ್ತದೆ. ಗಾಳಿ ಮತ್ತು ತೇವದ ಶಾಖ ಸೇರಿ ನಡು ಮಧ್ಯಾಹ್ನದ ಬಿಸಿಲಿಗೆ ಸರಿಸಮ ಆಗಬಹುದು. ಹಾಗಾಗಿ ಜನವರಿ, ಫೆಬ್ರವರಿಯ ಒಣ ದಿನ ನೋಡಿ, ಗಾಳಿ ತಾಗದ ಅಂಗಳದಲ್ಲಿ, ಹನ್ನೆರಡರಿಂದ ಒಂದು ಗಂಟೆಯೊಳಗೆ ಮುಗಿಸಿ.

ಬಕೆಟ್ಟಿನ ನೀರಿನಿಂದ ಲೆಕ್ಕ ಹಾಕಬೇಡಿ. ಅದರಲ್ಲಿ ಗಾಳಿಯಿಂದ ಬಂದ ನೀರೂ ಸೇರಿರುತ್ತದೆ, ಮರಳಿನದ್ದರಲ್ಲಿ ನೀರು ಮರಳಿನೊಳಗೇ ಉಳಿದಿರುತ್ತದೆ. ಮೊದಲೂ ಕೊನೆಗೂ ಗಡ್ಡೆಯನ್ನೇ ತೂಗಿ. ಮರಳು, ಇದ್ದಿಲನ್ನು ಐಸ್ ನೀರಿನಲ್ಲಿ ಬೇಗ ತೊಳೆದು, ಬಟ್ಟೆಯಲ್ಲಿ ಒರೆಸಿ ತೂಗಬೇಕು. 5 ಗ್ರಾಮ್ ತೋರಿಸುವ ತಕ್ಕಡಿ ಸಾಕು.

ಬಿದಿರುಗೂಟ

ಒಂದು ಸೇರಿಸಿ. ಖಾಲಿ ಗಡ್ಡೆಯ ಕೆಳಗೆ ಮಾತ್ರ ಬಕೆಟ್ ಇಡಿ. ಬಕೆಟ್ಟಿಗೆ ಬಂದ ನೀರಿನಿಂದ ಗಡ್ಡೆ ಕಳೆದುಕೊಂಡ ತೂಕ ಕಳೆಯಿರಿ. ಉಳಿದ ಇಪ್ಪತ್ತು ಗ್ರಾಮೋ ಎಷ್ಟೋ, ಅದು ಉಡುಪಿಯ ಗಾಳಿಯಿಂದ ಇಳಿದ ನೀರು. ಅದನ್ನು ಏಳೂವರೆಯಿಂದ ಗುಣಿಸಿದರೆ ತೇವ ಎಷ್ಟು ಗಡ್ಡೆ ಕರಗಿಸಿತು ಅಂತ ಮಕ್ಕಳೇ ತೆಗೆಯುತ್ತಾರೆ. ತಕ್ಕಡಿ 5 ಗ್ರಾಮಿನದ್ದಾದರೆ ಈ ಭಾಗಕ್ಕೆ ಸಾಲದು, ಲ್ಯಾಬಿನ 1 ಗ್ರಾಮಿನ ತಕ್ಕಡಿ ಬೇಕು. ಥರ್ಮಾಕೋಲಿನ ಒಳಗೆ ಅಂಟಿ ನಿಂತ ನೀರನ್ನೂ ಒರೆಸಿ ಬಕೆಟ್ಟಿಗೆ ಹಿಂಡಿ.